ಕಡಲಕುದುರೆ ಉಂಡ ಭಾನುವಾರ

“ಲಗೂನ ಬರ್ರಿ, ಅದು ಸತ್ತೈತಿ!”

ಫೋನಿನಲ್ಲಿ ಶೈಲಶ್ರೀ ಮೇಡಂ ಅವರ ಅಳುವ ದನಿ. ಸಿಂದಗಿಯ ಅಂಗಡಿಗೆ ಬೀಗ ಹಾಕಿ ತಾಳಿಕೋಟೆಗೆ ಬೈಕು ಓಡಿಸಿದೆ. ಮೆಟ್ಟಿಲು ಹತ್ತಿ ನೋಡಿದರೆ ಗಾಜಿನ ಟ್ಯಾಂಕಿನಲ್ಲಿ ಕಡಲಕುದುರೆ ಪ್ಲಾಸ್ಟಿಕ್ ಗಿಡಕ್ಕೆ ಬಾಲ ಸುತ್ತಿಕೊಂಡು, ಒಂದು ಕಣ್ಣು ನನ್ನ ಕಡೆ, ಇನ್ನೊಂದು ಕಣ್ಣು ಮೇಡಂ ಕಡೆ ತಿರುಗಿಸಿ ಆರಾಮಾಗಿ ನಿಂತಿತ್ತು.

“ಸತ್ತಿಲ್ರಿ ಮೇಡಂ. ಇದು ನಿಲ್ಲೋದ ಹಿಂಗ.”

“ಅಲುಗಾಡವಲ್ದಲ್ರಿ!”

“ನೀವೂ ಅಲುಗಾಡದ ನಿಂತೀರಿ. ನಿಮ್ಮನ್ನ ಯಾರರ ಹಂಗ ಅಂದಾರೇನು?”

ಕಣ್ಣಲ್ಲಿ ನೀರು ಇರುವಾಗಲೇ ಅವರು ನಕ್ಕುಬಿಟ್ಟರು. ಆ ನಗು ನಾನು ನೋಡಬಾರದಿತ್ತು. ನೋಡಿದೆ.

ನಾನು ಮಾಳಿಂಗ. ಇಂಡಿ ಊರಿನ ದವಾಖಾನೆ, ಮುದ್ದೇಬಿಹಾಳದ ಬಂಗಾರದ ಅಂಗಡಿ, ಬಾಗೇವಾಡಿಯ ಹೋಟೆಲು, ಎಲ್ಲಿ ಮೀನಿನ ಟ್ಯಾಂಕು ಇದ್ದರೂ ಅದನ್ನು ಕೂರಿಸಿದವನು ನಾನೇ. ಯಾರೂ ಕಲಿಸಿದ್ದಲ್ಲ, ಮೊಬೈಲ್ ನೋಡಿ ಕಲಿತದ್ದು. ಶೈಲಶ್ರೀ ಮೇಡಂ ಬ್ಯಾಂಕಿನವರು. ವರ್ಗವಾಗಿ ಬಂದು ನಾಲ್ಕು ತಿಂಗಳಾಗಿತ್ತು. “ಮನಿಗೆ ಬಂದಾಗ ಒಳಗ ಏನರ ಒಂದ್ ಜೀವ ಇರ್ಲಿ” ಎಂದಿದ್ದರು. ಸಾಕಣೆ ಕೇಂದ್ರದಲ್ಲೇ ಹುಟ್ಟಿದ ಈ ಕುದುರೆಯನ್ನು ಕಾಗದಪತ್ರ ಸಮೇತ ತರಿಸಿಕೊಟ್ಟಿದ್ದೆ.

ಬಂದ ದಿನದಿಂದ ಅದು ಒಂದು ತುತ್ತೂ ತಿಂದಿರಲಿಲ್ಲ. ಕಡಲಕುದುರೆಗೆ ಹೊಟ್ಟೆಯ ಚೀಲವೇ ಇಲ್ಲ. ತಿಂದದ್ದು ಒಳಗೆ ನಿಲ್ಲುವುದಿಲ್ಲ, ಹೆಚ್ಚು ದಿನ ಹಸಿದಿರಲು ಆಗುವುದಿಲ್ಲ. ನಾನು ದಿನಾ ಹೋದೆ. ಉಪ್ಪು ಅಳೆದೆ, ನೀರಿನ ಸೆಳೆತ ತಗ್ಗಿಸಿದೆ, ಜೀವಂತ ಪುಟ್ಟ ಸಿಗಡಿ ಹುಳು ತಂದು ಬಿಟ್ಟೆ.

ಮೇಡಂ ಗಾಜಿಗೆ ಮೂಗು ಹಚ್ಚಿ ಕೂಡುವರು. ಡ್ರಾಪರಿನಲ್ಲಿ ಹುಳು ಹಿಡಿದು ಅದರ ಬಾಯಿಗೇ ಒಯ್ಯುವರು. “ಒಂದ್ ತುತ್ತು ಉಣ್ಣ ನಮ್ಮವ್ವ. ನನ್ನ ಸಲುವಾಗಿ. ಇದೊಂದ ನೋಡು, ಸಾಕು.” ನಮ್ಮ ಕಡೆ ಬೀಗರಿಗೆ ಬಡಿಸುವುದೂ ಹೀಗೇ. ಬ್ಯಾಡ ಅಂದಷ್ಟೂ ತಾಟಿಗೆ ಬೀಳುತ್ತದೆ. ಟ್ಯಾಂಕಿನ ಆ ಕಡೆ ಅವರು, ಈ ಕಡೆ ನಾನು. ನೀರಿನೊಳಗಿಂದ ಅವರ ಕಣ್ಣುಗಳು ದೊಡ್ಡವಾಗಿ, ತೇಲುತ್ತಿರುವ ಹಾಗೆ ಕಾಣುತ್ತಿದ್ದವು. ಒಮ್ಮೆ ಅವು ನನ್ನ ಕಣ್ಣಿಗೆ ಸಿಕ್ಕವು. ಅವರು ಥಟ್ಟನೆ ಕುದುರೆಯತ್ತ ಬೆರಳು ತೋರಿಸಿದರು. “ಅದನ್ನ ನೋಡ್ರಿ, ನನ್ನನ್ನಲ್ಲ.”

ಆರನೆಯ ದಿನ ಅದರ ಹೊಟ್ಟೆ ಒಳಗೆ ಸರಿದಿತ್ತು. ಭಾನುವಾರವೂ ತಿನ್ನದಿದ್ದರೆ ಸೋಮವಾರ ವಾಪಸು ಕಳಿಸುವುದೆಂದು ಮಾತಾಯಿತು. ತಿಂದರೆ ನನ್ನ ಕೆಲಸ ಮುಗಿಯಿತು, ತಿನ್ನದಿದ್ದರೆ ಟ್ಯಾಂಕೇ ಖಾಲಿ. ಎರಡರಲ್ಲೂ ಆ ಮೆಟ್ಟಿಲು ಹತ್ತಲು ನನಗೆ ನೆಪ ಉಳಿಯುತ್ತಿರಲಿಲ್ಲ.

ನಮ್ಮೂರು ಯಂಕಂಚಿಯ ಮನೆಯಲ್ಲಿ ಅವ್ವನ ಮುಂದೆ ಹೇಳಿದೆ. ನಮ್ಮವ್ವ ಹುಚ್ಚವ್ವ ಆಡು ಕಾಯ್ದವಳು.

“ಸಂತ್ಯಾಗಿಂದ ತಂದ ಹೊಸಾ ಆಡಿನ ಮುಂದ ನಿಂತು ತಿನ್ನು ತಿನ್ನು ಅಂದ್ರ ತಿಂತೈತೇನೋ, ಮಬ್ಬ? ಮೇವ ಹಾಕಿ ಬೆನ್ನ ತಿರುವಿ ಕೂಡಬೇಕು. ನೀನೂ ಅಲ್ಲೇ ಕುಂತು ರೊಟ್ಟಿ ತಿನ್ನಬೇಕು. ಇಂವಾ ನನ್ನ ಹಿಡ್ಯಾಕ ಬಂದಂವ ಅಲ್ಲ ಅಂತ ಅದಕ್ಕ ತಿಳೀತೈತಿ.” ಹೇಳಿ, ಇಬ್ಬರಿಗಾಗುವಷ್ಟು ಬುತ್ತಿ ಕಟ್ಟಿದಳು.

ಭಾನುವಾರ ಮಧ್ಯಾಹ್ನ ಹುಳು ಬಿಟ್ಟೆ, ಟ್ಯಾಂಕಿನ ಮೋಟರು ನಿಲ್ಲಿಸಿದೆ. ಟ್ಯಾಂಕಿಗೆ ಬೆನ್ನು ಹಾಕಿ ಇಬ್ಬರೂ ನೆಲದ ಮೇಲೆ ಕುಳಿತೆವು. ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಚಟ್ನಿ ಇದ್ದ ಬುತ್ತಿ ಬಿಚ್ಚಿದೆ.

“ಹಿಂದ ಹೊಳ್ಳಿ ನೋಡ್ಲೇನ್ರಿ?”

“ಬ್ಯಾಡ್ರಿ.”

“ಒಂದ ಸಲ?”

“ಉಣ್ರಿ ನೀವು. ತಿಂದ್ರ ಅದರ ಬಾಯಿ ಟಿಕ್ ಅಂತೈತಿ, ಕೇಳಸ್ತೈತಿ.”

ಅವರು ಮೊದಲ ತುತ್ತು ನಿಧಾನವಾಗಿ ಅಗಿದರು. ಆಮೇಲೆ ಎರಡನೆಯ ರೊಟ್ಟಿಗೆ ತಾವೇ ಕೈ ಹಾಕಿದರು.

“ಬಂದಾಗಿಂದ ಬಿಸ್ಕೀಟು, ಚಾ, ಇಷ್ಟರ ಮ್ಯಾಲೇ ಅದೇನಿ ನೋಡ್ರಿ. ಒಬ್ಬಾಕಿ ಸಲುವಾಗಿ ಯಾರ ರೊಟ್ಟಿ ಬಡೀತಾರ?” ಹಿಂಡಿಯನ್ನು ಬೆರಳಲ್ಲಿ ಎಣ್ಣೆಗೆ ಕಲಸುತ್ತಾ ಹೇಳಿದರು. “ಬ್ಯಾಂಕಿನ್ಯಾಗ ದಿನಾ ನೂರು ಮಂದಿ ಮೇಡಂ ಮೇಡಂ ಅಂತಾರ. ಶಟರ್ ಇಳದ ಮ್ಯಾಲ ನನ್ನ ಹೆಸರು ಹಿಡದು ಕರಿಯವರು ಯಾರೂ ಇಲ್ರಿ. ಒಂದೊಂದ ದಿನ ನಾನ ಕನ್ನಡಿ ಮುಂದ ನಿಂತು ಕರಕೋತೇನಿ.”

ಬದನೆಕಾಯಿ ಅವರ ಕಡೆ ಸರಿಸಿದೆ.

ಟಿಕ್.

ಅವರ ಕೈ ನನ್ನ ಮಣಿಕಟ್ಟು ಹಿಡಿಯಿತು. ಹಿಂಡಿಯ ಎಣ್ಣೆ, ಬಿಗಿ ಹಿಡಿತ.

ಟಿಕ್. ಸ್ವಲ್ಪ ಬಿಟ್ಟು ಮತ್ತೆ ಎರಡು.

“ಉಣ್ಣಾಕತ್ತೈತಿ,” ಎಂದು ಪಿಸುಗುಟ್ಟಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಕೈ ಬಿಡಲು ಮರೆತಿದ್ದರು. ನೆನಪಿಸುವಷ್ಟು ಒಳ್ಳೆಯವನು ನಾನಲ್ಲ.

ಅರ್ಧ ತಾಸಾದ ಮೇಲೆ ಹೆಲ್ಮೆಟ್ ತೆಗೆದುಕೊಂಡೆ. ಇನ್ನೂ ಎರಡು ವಾರ ದಿನಾ ಬಂದು ನೋಡಬೇಕು ಎಂದು ಸುಳ್ಳು ಹೇಳಬಹುದಿತ್ತು, ನಂಬುತ್ತಿದ್ದರು.

“ಇನ್ನ ನನ್ನ ಕೆಲಸ ಇಲ್ರಿ. ಹುಳು ಬಸ್ಸಿಗೆ ಹಾಕಿ ಕಳಸ್ತೇನಿ.”

“ಹಂಗಾರ ನೀವು ಬರಂಗಿಲ್ಲ?”

“ಕೆಲಸ ಇಲ್ಲಲ್ರಿ.”

“ಕೆಲಸ ಇಲ್ಲದ ಬಂದ್ರ ನಿಮಗ ಏನರ ಆಗ್ತೈತೇನು?”

“ಆಗ್ತೈತ್ರಿ.”

“ಏನಾಗ್ತೈತಿ?”

“ಹೊಳ್ಳಿ ಹೋಗಾಕ ಮನಸ್ಸಾಗಂಗಿಲ್ಲ, ಶೈಲಶ್ರೀ.”

ಅವರು ನೆಲ ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ನಾನು ಬಾಗಿಲಲ್ಲೇ ನಿಂತೆ. ಹೆಸರು ಹಿಡಿದದ್ದು ತಪ್ಪಾಯಿತೇನೋ. ಮೆಟ್ಟಿಲು ಇಳಿಯಲೆಂದು ಒಂದು ಕಾಲು ಕೆಳಗಿಟ್ಟಿದ್ದೆ.

ಒಳಗೆ ಗ್ಯಾಸು ಹೊತ್ತಿತು.

“ಚಾದಾಗ ಸಕ್ರಿ ಎಷ್ಟು ಹಾಕ್ಲಿ ನಿಮಗ?”

ಇಷ್ಟು ದಿನ ಅವರು ಕೊಟ್ಟ ಚಹಾ ಕೊಟ್ಟ ಹಾಗೇ ಕುಡಿದು ಹೋಗುತ್ತಿದ್ದೆ. ನನಗೆ ಹೇಗೆ ಬೇಕೆಂದು ಅವರು ಕೇಳಿದ್ದು ಅದೇ ಮೊದಲು. ಉತ್ತರ ಹೇಳಲು ಚಪ್ಪಲಿ ಬಿಟ್ಟು ಒಳಗೆ ಹೋದೆ.