ಮೂರು ಬೆರಳಿನ ಮಂಜುಗಡ್ಡೆ

"ದಾರಿ ಬಿಡು!"

ವಿಯೆನಾ ಕಿರುಚಿದಳು. ಎದುರಿಗೆ ಮಂಡಿಯೂರಿ ಕೂತವನು ಅಲುಗಲೇ ಇಲ್ಲ.

ಅವಳು ಸ್ಕೀ ಅಡ್ಡ ತಿರುಗಿಸಿ ನಿಂತ ರಭಸಕ್ಕೆ ಹಿಮ ಅವನ ಮುಖಕ್ಕೆ ಚಿಮ್ಮಿತು. ಐಮೋ! ಮಾತು ಬಿಟ್ಟು ಆರು ವಾರ, ನಿಶ್ಚಿತಾರ್ಥದ ಉಂಗುರ ವಾಪಸ್ ಕೊಟ್ಟು ಐದು ವಾರ. ಈಗ ಹೆಪ್ಪುಗಟ್ಟಿದ ವಾಸ್ಕಿ ಸರೋವರದ ನಡುವೆ, ಅವಳ ದಾರಿಯಲ್ಲೇ ಮಂಜುಗಡ್ಡೆ ಕೊರೆಯುವ ಬೈರಿಗೆ ಹಿಡಿದು ಕೂತಿದ್ದಾನೆ!

ಭಾನುವಾರ ಶಾಲೆಯ ಇಪ್ಪತ್ತೆರಡು ಮಕ್ಕಳ ಸ್ಕೀ ಓಟ. ಅದಕ್ಕೆಂದೇ ಟೀಚರ್ ವಿಯೆನಾ ಮೂರು ದಿನ ಒಬ್ಬಳೇ ಸ್ಕೀ ಮೇಲೆ ಓಡಾಡಿ ಹಿಮದಲ್ಲಿ ಜೋಡಿ ಗೆರೆ ಮೂಡಿಸಿದ್ದಳು. ಅಂಥ ಗೆರೆಯ ಮೇಲೆ ಯಾರಾದರೂ ಕಾಲಿಟ್ಟರೂ ಈ ಊರಲ್ಲಿ ಜಗಳವಾಗುತ್ತದೆ. ಇವನೋ, ಅದರ ಮೇಲೇ ಸಾಲಾಗಿ ಐದು ತೂತು ಕೊರೆದು, ಪಕ್ಕದಲ್ಲಿ ಸ್ಪ್ರೂಸ್ ಮರದ ಕೊಂಬೆ ನೆಟ್ಟಿದ್ದ. ಮಂಜುಗಡ್ಡೆಯ ಕೆಳಗೆ ಬಲೆ ಬಿಡುವವರು ನೆಡುವ ಹಾಗೆ.

"ಇಷ್ಟು ದೊಡ್ಡ ಸರೋವರದಲ್ಲಿ ಮೀನು ಹಿಡಿಯೋಕೆ ನನ್ನ ದಾರೀನೇ ಬೇಕಿತ್ತೇನೋ?"

"ಇಲ್ಲಿ ದಾರಿ ಬೇಡ."

ಬೇಡ! ಆರು ವಾರದ ಹಿಂದೆ, ಓಟದ ದಾರಿ ಗೊತ್ತುಮಾಡುವ ಊರ ಸಭೆಯಲ್ಲೂ ಇದನ್ನೇ ಅಂದು, ಕೋಟು ಹಾಕಿಕೊಂಡು ಎದ್ದು ಹೋಗಿದ್ದ. ಯಾಕೆ ಬೇಡ? ಹೇಳಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರವಂತೆ... ಆ ಬಂಗಾರ ಇಟ್ಟುಕೊಂಡು ಸಂಸಾರ ಮಾಡೋಕಾಗುತ್ತಾ? ಮೀನಿನ ಜಾಗಕ್ಕಾಗಿ ತನ್ನ ಮರ್ಯಾದೆ ತೆಗೆದನೆಂದೇ ಅವಳು ಉರಿದುಹೋಗಿದ್ದಳು.

ಈಗಲೂ ಮೈಯೆಲ್ಲ ಉರಿಯಿತು. ಬಗ್ಗಿ ಒಂದು ಕೊಂಬೆ ಕಿತ್ತು ಬಿಸಾಕಿದಳು. ಇನ್ನೊಂದನ್ನೂ!

"ಏಯ್! ಕೊಂಬೆ ಕೀಳಬೇಡ ಕಣೇ!"

ಐಮೋ ಕೂಗಿದ್ದನ್ನು ಅವಳು ಕೇಳಿದ್ದು ಇದೇ ಮೊದಲು.

"ತೂತಿಗೆ ಕೈ ಹಾಕಿ ನೋಡು."

"ಯಾಕೆ ಹಾಕ್ಲಿ?"

"ಹಾಕು ಅಂದೆ!"

ಸಿಟ್ಟಿನಲ್ಲೇ ಗವಸು ಕಿತ್ತು ಕೈ ಇಳಿಸಿದಳು. ಈ ತಿಂಗಳಲ್ಲಿ ಮೊಣಕೈವರೆಗೂ ಮಂಜುಗಡ್ಡೆಯೇ ಸಿಗಬೇಕು. ಮೂರು ಬೆರಳಿನ ದಪ್ಪಕ್ಕೇ ಮುಗಿಯಿತು. ಕೆಳಗೆ ಹರಿಯುವ ನೀರು ಬೆರಳುಗಳನ್ನು ಎಳೆಯುತ್ತಿತ್ತು.

ದೇವರೇ... ಇದು ಬಲೆಯ ಗುರುತಲ್ಲ, ಅಪಾಯದ ಗುರುತು! ಇದರ ಮೇಲೆ ಇಪ್ಪತ್ತೆರಡು ಮಕ್ಕಳು!

"ಅಡಿಯಲ್ಲಿ ಸೆಳೆತ ಇದೆ. ನೀನೊಬ್ಬಳೇ ಬಂದ್ರೆ ತಡೀಬಹುದು. ಅಷ್ಟೂ ಮಕ್ಕಳು ಒಟ್ಟಿಗೆ ಬಂದ್ರೆ..."

ಅವಳ ಕಣ್ಣು ತುಂಬಿತು. ಆದರೂ ಕೋಪ ಇಳಿಯಲಿಲ್ಲ, ಏರಿತು!

"ಇದನ್ನ ಅವತ್ತೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತೋ ನಿಂಗೆ? ಉಂಗುರ ಕೊಟ್ಟಾಗಲೂ ಕಲ್ಲಿನ ಹಾಗೆ ನಿಂತಿದ್ದೆ! ಈಗ ಹೇಳು. ಮೂರೇ ಮೂರು ಮಾತು. ಇಲ್ಲಾಂದ್ರೆ ಇನ್ನು ನಿನ್ನ ಮುಖ ನೋಡಲ್ಲ!"

ಐಮೋ ಬೈರಿಗೆಯನ್ನು ಕೆಳಗಿಟ್ಟ.

"ಇಲ್ಲಿ ಮಂಜುಗಡ್ಡೆ ತೆಳು."

"ಒಂದಾಯ್ತು."

"ನಂಗೆ ಮಾತಾಡೋಕೆ ಬರಲ್ಲ."

"ಅದು ಊರಿಗೇ ಗೊತ್ತು. ಮೂರನೇದು?"

"ನಿನ್ನ ಬಿಟ್ಟು ಬದುಕೋಕೂ ಬರಲ್ಲ, ವಿಯೆನಾ."

ಅವಳು ಮುಖ ತಿರುಗಿಸಿಕೊಂಡಳು. ಬಿಸಾಕಿದ ಕೊಂಬೆಗಳನ್ನು ಒಂದೊಂದಾಗಿ ಆರಿಸಿ ತಂದು ಮತ್ತೆ ನೆಟ್ಟಳು. ಅವನು ಸುತ್ತ ಹಿಮ ಒತ್ತಿದ.

"ಅವತ್ತೇ ಹೇಳಿದ್ರೆ ಆರು ವಾರ ಉಳೀತಿತ್ತು."

"ಅಷ್ಟೊಂದು ಜನ ಇದ್ರು..."

"ಉಂಗುರ ಕೊಟ್ಟಾಗ ನಾನೊಬ್ಬಳೇ ಇದ್ದೆ!"

"ಅದು ಇನ್ನೂ ಕಷ್ಟ."

ನಗು ಬಂತು ಅವಳಿಗೆ. ತಡೆದುಕೊಂಡು, ಮರಗಟ್ಟಿದ ಕೈಯನ್ನು ಅವನ ಕೋಟಿನೊಳಗೆ ತೂರಿಸಿದಳು.

"ನನ್ನ ಕೋಪ ಇನ್ನೂ ಇಳಿದಿಲ್ಲ, ತಿಳ್ಕೋ."

"ಇಳೀದಿದ್ರೂ ಪರವಾಗಿಲ್ಲ. ಕೈ ಮಾತ್ರ ತೆಗೀಬೇಡ."