ತೆರೆಯದ ಪಿಸ್ತೂಲು

ಗಾಜಿನ ಕಪಾಟಿನಲ್ಲಿ ಏಳು ಪುಟ್ಟ ಪಿಸ್ತೂಲುಗಳಿರಬೇಕಿತ್ತು. ಆರಿದ್ದವು.

ಬೀಗ ಮುರಿದಿರಲಿಲ್ಲ. ಗಾಜು ಒಡೆದಿರಲಿಲ್ಲ.

"ಜನೆಲ್‌ದೇ ಕೆಲಸ," ಎಂದ ಅಂಗಡಿಯ ಯಜಮಾನ ಹಾಲಿಸ್. "ಹೈವೇ ಹೋಟೆಲಲ್ಲಿ ಕಾಫಿ ಕೊಡ್ತಾಳಲ್ಲ, ಅವಳು. ನಿನ್ನೆ ಹೆಂಗಸರ ಪಿಸ್ತೂಲು ತರಗತಿಯಲ್ಲಿ ಅದನ್ನೇ ಹಿಡ್ಕೊಂಡಿದ್ಲು. ಲೊರೀನ್, ಸಂಜೆ ತನಕ ಕಾಯ್ತೀನಿ. ಆಮೇಲೆ ಕಳುವಿನ ವರದಿಯಲ್ಲಿ ಫೆಡರಲ್ ಸರ್ಕಾರದವರಿಗೆ ಅವಳ ಹೆಸರು ಹೇಳೋದೇ."

ಒಕ್ಲಹೋಮಾದ ಈ ಊರಲ್ಲಿ ನಾನು ಹನ್ನೊಂದು ವರ್ಷದಿಂದ ಷೆರಿಫ್ ಕಚೇರಿಯ ಡೆಪ್ಯುಟಿ. ಉಳಿದ ಆರನ್ನು ನೋಡಿದೆ. ಬೆಳ್ಳಿಯ ಕೆತ್ತನೆಯದು, ಎಲ್ಲಕ್ಕಿಂತ ದುಬಾರಿಯದು, ಅಲ್ಲೇ ಇತ್ತು. ಹೋಗಿದ್ದು ಯಾರೂ ಕೇಳದ ಹಳೆಯ ಮಾದರಿ.

* * *

ಜನೆಲ್ ಕಾಫಿ ಕೆಟಲನ್ನು ಠಪ್ಪೆಂದು ಇಟ್ಟಳು.

"ಕಳ್ಳಿ ಅಂತ ಹೆಸರು ಬಂದ್ರೆ ಕೋರ್ಟು ನನ್ ಮಗಳನ್ನ ನಾನು ಬಿಟ್ಟುಬಂದ ಗಂಡನಿಗೇ ಕೊಡುತ್ತೆ. ಅವನಿಗೆ ಹೆದರಿಯೇ ನಾನು ಪಿಸ್ತೂಲು ನೋಡೋಕೆ ಹೋಗಿದ್ದು!"

"ಅದು ನಿಂಗೆ ಇಷ್ಟ ಆಗಿತ್ತಂತೆ?"

"ಪರ್ಸಲ್ಲಿ ಲಿಪ್‌ಸ್ಟಿಕ್ ಥರ ಕೂರುತ್ತೆ ಅಂತ. ಪಾಠ ಹೇಳೋ ಮಿಸ್ ಆರ್ಡಿತ್ ಬೈದ್ರು. 'ಚಿಕ್ಕದು ಅಂದ್ರೆ ಸುಲಭ ಅಂತಲ್ಲ ಕಣೆ. ಹಗುರ ಇದ್ದಷ್ಟೂ ಕೈಯಲ್ಲಿ ಕುಪ್ಪಳಿಸುತ್ತೆ. ನಿನ್ ಕೈ ಏನು ಹೇಳುತ್ತೆ ಕೇಳು' ಅಂದ್ರು. ಆರು ಪಿಸ್ತೂಲನ್ನೂ ಮೇಲಿನ ಸ್ಲೈಡ್ ಹಿಂದಕ್ಕೆ ಎಳೆದು ನನ್ ಕೈಲೇ ತೆರೆಸಿದ್ರು. ಅವರು ಒಂದನ್ನೂ ಎಳೀಲಿಲ್ಲ."

"ಏಳನೇದು?"

"ಅದನ್ನ ಎಳೆಯೋದೇನಿದೆ? ಗುಂಡಿ ಒತ್ತಿದ್ರೆ ನಳಿಗೆ ತಾನೇ ಮೇಲೆದ್ದು ತೆರೆಯುತ್ತೆ."

ನನ್ನ ಕಾಫಿ ಹಾಗೇ ಬಿಟ್ಟು ಎದ್ದೆ.

* * *

ಆರ್ಡಿತ್ ಮನೆಯ ಜಗಲಿಯಲ್ಲಿ ಕೂತಿದ್ದರು. ಪೀಚ್ ಹಣ್ಣಿನ ಬಾಟಲಿಯನ್ನು ನನ್ನ ಕಡೆ ತಳ್ಳಿದರು.

"ಪೋಲೀಸಮ್ಮ ಬಂದ್ಳು. ಮುಚ್ಚಳ ತೆಗಿ, ತಿನ್ನೋಣ."

ತೆಗೆದೆ. ಮೂವತ್ತು ವರ್ಷ ಈ ಊರಿನ ಹೆಂಗಸರಿಗೆ ಪಿಸ್ತೂಲು ಹಿಡಿಯಲು ಕಲಿಸಿದವರು ಅವರು. ಗಂಡನ ಮನೆ ಬಿಟ್ಟು ಬಂದ ವರ್ಷ ನನಗೂ ಕಲಿಸಿದ್ದರು. ಗುಂಡು ಹೊಡೆಯುವುದಕ್ಕಿಂತ ಮೊದಲು ಕಲಿಸಿದ್ದು ಒಂದೇ ನಿಯಮ: ತೆರೆದು, ಖಾಲಿ ಎಂದು ತೋರಿಸಿ, ಆಮೇಲೇ ಇನ್ನೊಬ್ಬರ ಕೈಗೆ.

"ನಿಮ್ಮ ಪಿಸ್ತೂಲು ಕೊಡಿ, ಮಿಸ್ ಆರ್ಡಿತ್. ನಿಮ್ಮದೇ, ಪರ್ಸಲ್ಲಿ ಸದಾ ಇರೋ ಹಳೇದು."

ಅವರು ಬಾಟಲಿಯನ್ನು ಪಕ್ಕಕ್ಕೆ ಸರಿಸಿದರು. ಪರ್ಸಿನಿಂದ ತೆಗೆದು, ಗುಂಡು ತುಂಬಿದ ಮ್ಯಾಗಜೀನ್ ಕಳಚಿ, ಮೂತಿಯನ್ನು ಖಾಲಿ ಬಯಲಿನ ಕಡೆ ತಿರುಗಿಸಿ ಮೇಜಿನ ಮೇಲಿಟ್ಟರು. ಮುಚ್ಚಿದ್ದಂತೆಯೇ.

"ಕೈಗೆ ಕೊಡಲ್ಲ. ನೀನೇ ತಗೋ. ಹುಷಾರು."

ಸ್ಲೈಡ್ ಎಳೆದೆ. ಒಂದು ಗುಂಡು ಹೊರಬಿದ್ದು ಮೇಜಿನ ಮೇಲೆ ಉರುಳಿತು.

"ಮಾರ್ಚ್ ತಿಂಗಳಿಂದ ಒಳಗೇ ಇದೆ," ಎಂದರು. ಬೆರಳ ಗೆಣ್ಣುಗಳು ಊದಿದ್ದವು. "ತೆಗೆಯೋಕೆ ಆಗಿಲ್ಲ. ಹೇಗೆ ಗೊತ್ತಾಯ್ತು?"

"ಮಾರೋ ಕಳ್ಳ ಬೆಳ್ಳಿಯದನ್ನ ಒಯ್ತಿದ್ದ. ಜನೆಲ್ ಕೈಗೆ ಆರೂ ತೆರೀತವೆ, ಅವಳಿಗೆ ಗುಂಡಿ ಒತ್ತೋ ಏಳನೇದೇ ಆಗಬೇಕಿಲ್ಲ. ಎಳೆಯೋಕೆ ಆಗದ ಕೈಗೆ ಮಾತ್ರ ಬೇಕಾಗೋದು ಅದು. ಕಪಾಟಿನ ಬೀಗದ ಕೈ ಇರೋದು ಹಾಲಿಸ್‌ಗೆ, ನಿಮಗೆ. ಕೇಳಿದ್ರೆ ಹಾಲಿಸ್ ಕೊಡ್ತಿರಲಿಲ್ವಾ?"

"'ಹಳೇದಕ್ಕೆ ಏನಾಯ್ತು' ಅಂತಿದ್ದ. ನಿಜ ಹೇಳಿದ್ರೆ, ಕೈ ಬಿದ್ದುಹೋದವಳು ಇನ್ನು ಕಲಿಸೋದೇನು ಅಂತಿದ್ದ, ಅಲ್ವಾ? ಒಂದು ರಾತ್ರಿ, ಯಾರೂ ನೋಡದೆ ಇದ್ದಾಗ, ನನ್ ಕೈಲಾಗುತ್ತಾ ನೋಡಬೇಕಿತ್ತು. ಈವತ್ತು ಮಧ್ಯಾಹ್ನ ವಾಪಸ್ ಇಡೋಳಿದ್ದೆ. ಇದರಲ್ಲಿ ಜನೆಲ್ ಹೆಸರು ಯಾಕೆ ಬಂತು?"

ಹೇಳಿದೆ. ಅವರು ಆಗಲೇ ಎದ್ದು ಟೋಪಿ ಹುಡುಕುತ್ತಿದ್ದರು.

* * *

ಹಾಲಿಸ್‌ನ ಎದುರು ಏಳನೇ ಪಿಸ್ತೂಲನ್ನು ಇಟ್ಟು ಅವರೇ ಎಲ್ಲ ಹೇಳಿದರು. ಒಂದು ಮಾತೂ ಮರೆಮಾಡಲಿಲ್ಲ. ನಾನೂ ನನ್ನ ವರದಿಯಲ್ಲಿ ನಡೆದದ್ದನ್ನು ನಡೆದಂತೆಯೇ ಬರೆದೆ. ಹಾಲಿಸ್ ದೂರು ಕೊಡಲಿಲ್ಲ. ಹೋಟೆಲಿಗೆ ಹೋಗಿ ಜನೆಲ್‌ಳ ಕ್ಷಮೆ ಕೇಳಿದ. ಕಪಾಟಿನ ಕೀಲಿಯನ್ನು ಮಾತ್ರ ಆರ್ಡಿತ್‌ರಿಂದ ಹಿಂದಕ್ಕೆ ಪಡೆದ. ಅವರು ಪರ್ಸಿನಿಂದ ತೆಗೆದು ಕೊಟ್ಟರು.

ಮುಂದಿನ ಗುರುವಾರದ ತರಗತಿಗೆ ನಾನೂ ಹೋದೆ. ಒಂಬತ್ತು ಹೆಂಗಸರ ಎದುರು ಅವರು ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದರು.

"ಈವತ್ತಿನ ಪಾಠ ಈ ಕೈಗಳದ್ದು. ಇವಕ್ಕೊಂದು ಪಿಸ್ತೂಲು ಆರಿಸಿಕೊಡಿ ನೋಡೋಣ."

ಹೆಂಗಸರು ಮುಂದೆ ಸರಿದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಕೊನೆಗೆ ಜನೆಲ್ ಒಂದನ್ನು ಎತ್ತಿದಳು. ಕಳುವಾಗಿದ್ದಕ್ಕಿಂತ ತುಸು ದೊಡ್ಡದು, ಎಳೆಯಲು ಹಗುರವಾದ, ಮೆತ್ತನೆಯ ಸ್ಪ್ರಿಂಗಿನದು. ತೆರೆದಳು, ಒಳಗೆ ಇಣುಕಿದಳು, ತೋರಿಸಿದಳು.

"ಖಾಲಿ, ಮಿಸ್ ಆರ್ಡಿತ್."

ಆರ್ಡಿತ್ ಅದನ್ನು ಮುಚ್ಚಿದರು. ಅಂಗೈಯನ್ನು ಸ್ಲೈಡಿನ ಮೇಲಿಟ್ಟು ಎಳೆದರು. ಅರ್ಧಕ್ಕೆ ನಿಂತಿತು. ಒಂಬತ್ತು ಹೆಂಗಸರೂ ತಮ್ಮ ತಮ್ಮ ಮುಷ್ಟಿ ಬಿಗಿಹಿಡಿದಿದ್ದರು, ನಾನೂ.

ಅದು ತೆರೆದುಕೊಂಡಿತು.