ಮಂಜುಗಡ್ಡೆಯ ಕಂಬಗಳ ಮನೆ

ಬಹಳ ಕಾಲದ ಹಿಂದಿನ ಮಾತು. ದಟ್ಟ ಕಾಡಿನ ಅಂಚಿಗೆ ಸುರಗಿಪುರ ಎಂಬ ರಾಜ್ಯವಿತ್ತು. ಅಲ್ಲಿ ಬೊಮ್ಮಕ್ಕ ಎಂಬ ಹೆಣ್ಣುಮಗಳು ಗಂಡ ಲಕ್ಕಪ್ಪನ ಜೊತೆ ಒಂದು ಹುಲ್ಲುಮನೆಯಲ್ಲಿ ಬಾಳುತ್ತಿದ್ದಳು. ಬೆಳಗಾದರೆ ಅಂಗಳ ಗುಡಿಸಿ, ನೆಲ ಸಾರಿಸಿ, ಒಲೆ ಬಳಿಯುತ್ತಿದ್ದಳು. ಲಕ್ಕಪ್ಪ ಸೂರಿನ ಹುಲ್ಲು ಸರಿಪಡಿಸುತ್ತಿದ್ದ. ಕೆಲಸ ಮುಗಿದ ಮೇಲೆ ಇಬ್ಬರೂ ಕಾಡಿನಲ್ಲಿ ಸುಮ್ಮನೆ ಒಂದು ಸುತ್ತು ನಡೆದು ಬರುತ್ತಿದ್ದರು. ಮಾತು ಕಡಿಮೆ, ನಡಿಗೆ ಹೆಚ್ಚು.

ಒಂದು ಮಾಗಿಯ ಬೆಳಗ್ಗೆ ಸೌದೆಗೆಂದು ಒಬ್ಬನೇ ಹೋದ ಲಕ್ಕಪ್ಪ ತಿರುಗಿ ಬರಲಿಲ್ಲ. ಬೊಮ್ಮಕ್ಕ ಇಬ್ಬನಿಯಲ್ಲಿ ಮೂಡಿದ್ದ ಅವನ ಹೆಜ್ಜೆ ಹಿಡಿದು ಹೋದಳು. ನಡುಗಾಡಿನಲ್ಲಿ ಒಂದು ದೊಡ್ಡ ಮನೆ ಕಂಡಿತು. ಗೋಡೆ ಬಿರಿದಿತ್ತು, ಸೂರು ಜೋತಿತ್ತು. ಆ ಸೂರನ್ನು ಹೊತ್ತು ಹತ್ತೊಂಬತ್ತು ಮಂಜುಗಡ್ಡೆಯ ಕಂಬಗಳು ನಿಂತಿದ್ದವು. ಒಂದೊಂದು ಕಂಬದೊಳಗೂ ಒಬ್ಬೊಬ್ಬ ಮನುಷ್ಯ! ಹೋದ ವರ್ಷ ಕಾಣೆಯಾದ ರಾಜಕುಮಾರನೂ ಅಲ್ಲಿದ್ದ. ಕಡೆಯ ಕಂಬದಲ್ಲಿ ಲಕ್ಕಪ್ಪ ಕಣ್ಣು ಮುಚ್ಚಿ ನಿಂತಿದ್ದ.

ಒಳಗಿನಿಂದ ಮಂಜಿನ ಕೋಲು ಹಿಡಿದ ಮುದುಕ ಮಾಂತ್ರಿಕ ಬಂದ. ಅವನ ಹೆಸರು ಹಿಮಜಟಿ.

"ಮನೆ ಬೀಳುತ್ತಿದೆ. ಸೂರು ಜಗ್ಗಿದಾಗೆಲ್ಲ ಒಂದು ಕಂಬ ಬೇಕು. ನೀನು ಬಂದದ್ದು ಒಳ್ಳೆಯದಾಯಿತು," ಎಂದ.

ಬೊಮ್ಮಕ್ಕ ಕಡೆಯ ಕಂಬ ತೋರಿಸಿ, "ಅವನು ನನ್ನ ಗಂಡ," ಎಂದಳು. ಆಮೇಲೆ ಕೇಳಿದಳು: "ಬೀಳೋ ಮನೆಯನ್ನ ದುರಸ್ತಿ ಮಾಡ್ತಾರೆ. ಮನುಷ್ಯರನ್ನ ತಂದು ಆನಿಸ್ತಾರಾ?"

ಮಾಂತ್ರಿಕ ನಕ್ಕ. "ಹಾಗಾದರೆ ನೀನೇ ಮಾಡು. ಮೊದಲ ದಿನ ಧೂಳು ತೆಗೆ. ಎರಡನೆಯ ದಿನ ಗೋಡೆ ಮುಚ್ಚು. ಮೂರನೆಯ ದಿನ ಒಲೆ ಹೊತ್ತಿಸು. ಗೆದ್ದರೆ ಗಂಡನನ್ನು ಕರೆದುಕೊಂಡು ಹೋಗು. ಒಂದು ತಪ್ಪಿದರೂ ಇಪ್ಪತ್ತನೆಯ ಕಂಬ ನೀನು."

ಮೊದಲ ದಿನ ಬೊಮ್ಮಕ್ಕ ಗುಡಿಸಿದಳು. ಗುಡಿಸಿದ ಧೂಳು ಗುಬ್ಬಿಗಳ ಹಿಂಡಿನಂತೆ ಹಾರಿ ಮತ್ತೆ ನೆಲಕ್ಕೆ ಬಂದು ಕೂತಿತು. ಮೂರು ಸಲ ಹಾಗೇ ಆಯಿತು. ಅವಳು ಪೊರಕೆ ಇಟ್ಟು ಕಾಡಿಗೆ ನಡೆದಳು. ದಾರಿಯ ಮಣ್ಣು ಇಬ್ಬನಿಗೆ ನೆನೆದು ಕಾಲಡಿ ಮೆತ್ತಗೆ ಮಲಗಿತ್ತು. ಅವಳು ಕೆಸುವಿನ ಎಲೆಗಳ ಮೇಲಿನ ಹನಿಯನ್ನೆಲ್ಲ ಒಂದು ಕುಡಿಕೆಗೆ ತುಂಬಿಕೊಂಡು ಬಂದು ನೆಲಕ್ಕೆ ಚಿಮುಕಿಸಿದಳು. ಧೂಳು ರೆಕ್ಕೆ ಮಡಚಿತು. ಸಂಜೆಗೆ ಮನೆ ಶುಭ್ರವಾಯಿತು.

ಎರಡನೆಯ ದಿನ ಬಿರುಕುಗಳಿಗೆ ಮಣ್ಣು ಮೆತ್ತಿದಳು. ಬಿರುಕುಗಳು ಬಾಯಿ ತೆರೆದು ಥೂ ಎಂದು ಉಗುಳಿದವು.

"ಏನಾಗಿದೆ ನಿಮಗೆ?" ಎಂದಳು.

"ಈ ಒರಟು ಮಣ್ಣು ಗಂಟಲಿಗೆ ಚುಚ್ಚುತ್ತದೆ," ಎಂದವು ಬಿರುಕುಗಳು.

ಮತ್ತೆ ಕಾಡಿಗೆ ನಡೆದಳು. ಎಳೆಬಿಸಿಲಲ್ಲಿ ಒಂದು ಹಳೆಯ ಹುತ್ತ ಬಿರುಕಿಲ್ಲದೆ ನಿಂತಿತ್ತು. ಗೆದ್ದಲು ಬಿಟ್ಟುಹೋದ ಆ ಹುತ್ತದ ನುಣುಪು ಮಣ್ಣು ತಂದು, ಲೋಳೆಸರದ ಲೋಳೆ ಬೆರೆಸಿ ಕಲಸಿ ಮೆತ್ತಿದಳು. ಬಿರುಕುಗಳು ಚಪ್ಪರಿಸಿ ಬಾಯಿ ಮುಚ್ಚಿದವು. ಗೋಡೆ ಬಿಗಿದು, ಸೂರಿನ ಭಾರವನ್ನು ತಾನೇ ಹೊತ್ತುಕೊಂಡಿತು.

ಮೂರನೆಯ ದಿನ ಒಲೆಯ ಹತ್ತಿರ ಹೋದಳು. ಹಳ್ಳದಷ್ಟು ದೊಡ್ಡ ಒಲೆ. ಅದರೊಳಗೆ ಬೂದಿ ಬಣ್ಣದ ಹುಲಿ ಮಲಗಿತ್ತು. ಬೊಮ್ಮಕ್ಕ ಹಿಂದೆ ಸರಿದಳು. ಸೌದೆ ತರುವ ನೆಪದಲ್ಲಿ ಕಾಡಿಗೆ ಬಂದು, ಒಂದು ಮರಕ್ಕೆ ಒರಗಿ ಅತ್ತಳು. ಸ್ವಲ್ಪ ದೂರ ನಡೆದಳು, ಇನ್ನೂ ಸ್ವಲ್ಪ ದೂರ ನಡೆದಳು. ಉಸಿರು ಹದಕ್ಕೆ ಬಂತು. ಒಣ ಸೌದೆ ಹೊತ್ತು ವಾಪಸು ಬಂದಳು.

"ಹುಲಿಯಪ್ಪ, ಸ್ವಲ್ಪ ಏಳ್ತೀಯಾ? ಒಲೆ ಬಳೀಬೇಕು."

ಹುಲಿ ಒಂದು ಕಣ್ಣು ತೆರೆಯಿತು. "ನನ್ನ ಮೇಲೆ ಈಟಿ ಎತ್ತಿದವರುಂಟು. ಏಳು ಎಂದು ಕೇಳಿದವಳು ನೀನೊಬ್ಬಳೇ. ಆದರೆ ಎದ್ದರೆ ಚಳಿ."

"ನನ್ನ ಕಂಬಳಿ ಹೊದ್ಕೋ. ಬೆಂಕಿ ಹತ್ತಿದ ಮೇಲೆ ಪಕ್ಕದಲ್ಲೇ ಮಲಕ್ಕೋ."

ಹುಲಿ ಯೋಚಿಸಿತು. ಆಮೇಲೆ ಎದ್ದು, ಆಕಳಿಸಿ, ಕಂಬಳಿಗೆ ಬೆನ್ನು ಕೊಟ್ಟಿತು. ಬೊಮ್ಮಕ್ಕ ಬೂದಿ ತೆಗೆದು, ಒಲೆ ಬಳಿದು, ಬೆಂಕಿ ಹೊತ್ತಿಸಿದಳು.

ಬಿಸಿ ಹರಡಿದ ಹಾಗೆ ಮಾಂತ್ರಿಕನ ಕೈಯಲ್ಲಿದ್ದ ಕೋಲು ಕರಗಿ ನೀರಾಯಿತು. ಕಂಬಗಳೂ ಕರಗಿದವು. "ಅಯ್ಯೋ, ನನ್ನ ಮನೆ!" ಎಂದು ಅವನು ತಲೆಯ ಮೇಲೆ ಕೈಯಿಟ್ಟು ಕುಕ್ಕರಿಸಿದ. ಹತ್ತೊಂಬತ್ತು ಜನ ಮೈ ಮುರಿದು ಈಚೆ ಬಂದರು. ಮನೆ ಅಲುಗಲಿಲ್ಲ.

ಮಾಂತ್ರಿಕ ತಲೆಯೆತ್ತಿ ಸೂರನ್ನು ನೋಡಿದ. ಬಿಗಿದ ಗೋಡೆಯನ್ನು ಮುಟ್ಟಿ ನೋಡಿದ. "ನನಗೆ ಇದನ್ನು ಯಾರೂ ಹೇಳಿಕೊಡಲಿಲ್ಲ," ಎಂದ.

ರಾಜಕುಮಾರ ಅವನಿಗೆ ಶಿಕ್ಷೆ ವಿಧಿಸಿದ: ಕಂಬವಾಗಿ ನಿಂತವರ ಮನೆಗಳಲ್ಲಿ ಯಜಮಾನರಿಲ್ಲದೆ ಹಾಳುಬಿದ್ದವನ್ನೆಲ್ಲ ಅವನೇ ಕೈಯಾರೆ ರಿಪೇರಿ ಮಾಡಬೇಕು. ಬೊಮ್ಮಕ್ಕ ಮಣ್ಣು ಕಲಸುವುದನ್ನು ತೋರಿಸಿಕೊಟ್ಟಳು.

ಮನೆಗೆ ನಡೆಯುವಾಗ ಅವಳು ಗಂಡನನ್ನು ಕೇಳಿದಳು, "ಒಳಗಿದ್ದಾಗ ಹೆದರಿಕೆ ಆಯ್ತಾ?"

"ಮೊದಲು ಆಯ್ತು. ಆಮೇಲೆ ಯಾರೋ ಗುಡಿಸೋ ಸದ್ದು ಕೇಳಿಸ್ತು. ನೀನೇ ಅಂತ ಗೊತ್ತಾಯ್ತು," ಎಂದ ಲಕ್ಕಪ್ಪ.

ಹಿಮಜಟಿ ಎಲ್ಲ ಮನೆಗಳನ್ನೂ ಸರಿಪಡಿಸಿ ಮುಗಿಸುವಷ್ಟರಲ್ಲಿ ಒಳ್ಳೆಯ ಕೆಲಸಗಾರನಾಗಿದ್ದ. ಜನ ಅವನನ್ನು ಕರೆದು ಊಟಕ್ಕಿಡುತ್ತಿದ್ದರು. ಕಾಡಿನ ಮನೆಯಲ್ಲಿ ದಾರಿಹೋಕರು ತಂಗಿದರು, ಹುಲಿ ಅವರ ನಡುವೆ ಮೈ ಕಾಯಿಸಿಕೊಂಡಿತು. ಸುರಗಿಪುರದ ಜನ ಎಷ್ಟೋ ಮಾಗಿಗಳನ್ನು ಬೆಚ್ಚಗೆ, ನೆಮ್ಮದಿಯಾಗಿ ಕಳೆದರು.